ನೀವು 31 ಪುಸ್ತಕ ಹಿಂದಿದ್ದೀರಿ

ಬೆಳಿಗ್ಗೆ ಆರೂವರೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತಿದ್ದೆ, ಫೋನು ಟಿಂಗ್ ಎಂದಿತು. ಬ್ಯಾಂಕಿನವರೋ ಗ್ಯಾಸಿನವರೋ ಇರಬೇಕೆಂದು ಒದ್ದೆ ಕೈಯಲ್ಲೇ ನೋಡಿದರೆ, ಪುಸ್ತಕದ ಆ್ಯಪ್. ‘ನೀವು 31 ಪುಸ್ತಕ ಹಿಂದಿದ್ದೀರಿ!’ ಹೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬೈಯುವಷ್ಟು ಸಲಿಗೆ ಅದಕ್ಕಿನ್ನೂ ಬಂದಿಲ್ಲ. ಪಕ್ಕದಲ್ಲಿ ಕೈಕಾಲು ಮೂಡಿದ ಒಂದು ಪುಸ್ತಕ ನಗುತ್ತಾ ಓಡುತ್ತಿತ್ತು.

ಮನೆ ಸಾಲದ ಕಂತಿನಲ್ಲಿ ಹಿಂದೆ ಬಿದ್ದಿದ್ದೇನೆ, ನೀರಿನ ಬಿಲ್ಲಿನಲ್ಲಿ ಹಿಂದೆ ಬಿದ್ದಿದ್ದೇನೆ, ನಾದಿನಿ ಮಗಳ ಮದುವೆಗೆ ಮುಯ್ಯಿ ಕೊಡುವುದರಲ್ಲಿ ಎರಡು ವರ್ಷ ಹಿಂದಿದ್ದೇನೆ. ಕಾದಂಬರಿ ಓದುವುದರಲ್ಲೂ ಬಾಕಿದಾರ ಆಗಬಹುದು ಎಂದು ಮಾತ್ರ ಗೊತ್ತಿರಲಿಲ್ಲ. ತಪ್ಪು ನನ್ನದೇ. ಜನವರಿ ಒಂದನೇ ತಾರೀಕು ಹಬ್ಬದೂಟ ಉಂಡವನು ಉಪವಾಸದ ಮಾತಾಡುವ ಹಾಗೆ, ‘ಈ ವರ್ಷ 52’ ಎಂದು ಗುಂಡಿ ಒತ್ತಿಬಿಟ್ಟೆ. ಈಗ ಡಿಸೆಂಬರ್ ಮಧ್ಯ. ವಾರಕ್ಕೊಂದರಂತೆ ಇಷ್ಟು ಹೊತ್ತಿಗೆ 50 ಆಗಬೇಕಿತ್ತು, ಓದಿದ್ದು 19.

ಡಿಸೆಂಬರ್ ಎಂದರೆ ಮೊದಲೆಲ್ಲ ಅವರೆಕಾಯಿ ಸೊಗಡು ಒಂದೇ ಇತ್ತು. ಈಗ ಫೇಸ್‌ಬುಕ್ಕಿನಲ್ಲಿ ಇನ್ನೊಂದು ಸೊಗಡು. ‘ಈ ವರ್ಷ ನಾನು ಓದಿದ್ದು 112 ಪುಸ್ತಕ, 31,846 ಪುಟ.’ ಕೆಳಗೆ ಬಣ್ಣಬಣ್ಣದ ವೃತ್ತ, ಕಂಬ, ಗೆರೆ. ನೀವೂ ನೋಡಿರುತ್ತೀರಿ, ಲೈಕ್ ಒತ್ತಿರುತ್ತೀರಿ, ಒತ್ತಿದ ಮೇಲೆ ಹೊಟ್ಟೆಯೊಳಗೆ ಸಣ್ಣಗೆ ಉರಿದಿರುತ್ತದೆ. ಕೊನೆಯ ಆ 46 ಪುಟಕ್ಕೆ ನಾನು ಕೈಮುಗಿಯುತ್ತೇನೆ. ಸರ್ಕಾರದ ಲೆಕ್ಕಪತ್ರದಲ್ಲೂ ಇಷ್ಟು ನಿಖರತೆ ಕಂಡಿಲ್ಲ. ಅಂಥ ಮಹನೀಯರೊಬ್ಬರು ಮೊನ್ನೆ ದೋಸೆ ಹೋಟೆಲಿನಲ್ಲಿ ಸಿಕ್ಕರು. ಪಟ್ಟಿಯಲ್ಲಿದ್ದ ಒಂದು ಪುಸ್ತಕ ನಾನೂ ಓದಿದ್ದೆನಾದ್ದರಿಂದ ಖುಷಿಯಿಂದ, ‘ಹೇಗಿತ್ತು ಸಾರ್?’ ಎಂದೆ. ಅವರು ಫೋನು ತೆಗೆದು, ಕನ್ನಡಕ ಮೇಲಕ್ಕೇರಿಸಿ, ಬೆರಳಾಡಿಸಿ ಆಡಿಸಿ, ‘ಅದಾ? ಅದು ಮಾರ್ಚ್‌ದು. ನಾಲ್ಕು ಸ್ಟಾರ್ ಕೊಟ್ಟಿದ್ದೀನಿ ನೋಡಿ’ ಎಂದರು. ಆಮೇಲೆ ಚಟ್ನಿ ಕೇಳಿದರು.

ಈ ಲೆಕ್ಕದಿಂದ ಕನ್ನಡ ಸಾಹಿತ್ಯಕ್ಕೆ ಲಾಭವೂ ಇದೆ, ಹೇಳಿಬಿಡಬೇಕು. ಕವನ ಸಂಕಲನಗಳಿಗೆ ಕೊನೆಗೂ ಒಂದು ಗಿರಾಕಿ ವರ್ಗ ಹುಟ್ಟಿದೆ. 64 ಪುಟ, ಬಲಗಡೆ ಅರ್ಧ ಖಾಲಿ, ಮುನ್ನುಡಿ ಹಾರಿಸಿದರೆ ಕಾಫಿ ಆರುವುದರೊಳಗೆ ಮುಗಿಯುತ್ತದೆ, ಲೆಕ್ಕಕ್ಕೆ ಒಂದು. ಮಲೆನಾಡಿನ ಮಳೆ, ಜಿಗಣೆ, ಅಡಕೆ ತೋಟದ ನಡುವೆ ಏಳುನೂರು ಪುಟ ನಿಧಾನವಾಗಿ ನಡೆಯುವ ಕಾದಂಬರಿ ಹಿಡಿದು ನಾನು ಮೂರು ತಿಂಗಳು ಕೂತೆ. ಅದೂ ಒಂದೇ. ಹದಿನೈದನೇ ದಿನದಿಂದ ಆ್ಯಪ್ ಕೇಳತೊಡಗಿತು: ‘ಈ ಪುಸ್ತಕ ಕೈಬಿಟ್ಟಿರಾ?’ ಇಲ್ಲಪ್ಪಾ, ಪುಸ್ತಕವೇ ನನ್ನನ್ನು ಬಿಡುತ್ತಿಲ್ಲ.

ಓದಿದ್ದನ್ನು ಗೆಳೆಯರಿಗೆ ತೋರಿಸಿಕೊಳ್ಳಲೆಂದು ಅಮೆರಿಕದಲ್ಲಿ 2007ರಲ್ಲಿ ಗುಡ್‌ರೀಡ್ಸ್ ಎಂಬ ಜಾಲತಾಣ ಶುರುವಾಯಿತು. 2011ರಲ್ಲಿ ಅದಕ್ಕೆ ವರ್ಷದ ಗುರಿ ಸೇರಿತು. 2013ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ಅಲ್ಲಿಗೆ ಹುಡುಗಿ ತೋರಿಸುವವರೂ ಅವರೇ, ಪುರೋಹಿತರೂ ಅವರೇ, ಛತ್ರವೂ ಅವರದೇ. ಆ ಛತ್ರದಲ್ಲಿ 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳಿಗೆಂದು ಕಿಂಡಲ್ ಎಂಬ ಇ-ಪುಸ್ತಕದ ಎಲೆ ಹಾಕಿದರು. ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ. ಕನ್ನಡದ ಎಲೆ ಇರಲಿಲ್ಲ. ನಾವು ಬಾಗಿಲಲ್ಲಿ ನಿಂತು ಒಂದಷ್ಟು ಹ್ಯಾಶ್‌ಟ್ಯಾಗ್ ಹಾಕಿದೆವು.

ಇರಲಿ, ನನ್ನ ಆ್ಯಪ್‌ಗೆ ಬರುತ್ತೇನೆ. ಪುಸ್ತಕದ ಬೆನ್ನಿಗಿರುವ ಬಾರ್‌ಕೋಡಿಗೆ ಕ್ಯಾಮೆರಾ ಹಿಡಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಕಪಾಟಿಗೆ ಸೇರುತ್ತದಂತೆ. ನನ್ನ ಕೈಯಲ್ಲಿದ್ದದ್ದು ಎಂಬತ್ತರ ದಶಕದ ಕಾದಂಬರಿ. ಹಿಂಬದಿಯಲ್ಲಿ ಬೆಲೆ 18 ರೂಪಾಯಿ, ಅದರ ಮೇಲೆ ರಬ್ಬರ್ ಸ್ಟಾಂಪಿನಲ್ಲಿ 22, ಅದರ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ ಮಾಡಿದ ಹಾಲಿನ ಲೆಕ್ಕ. ಬಾರ್‌ಕೋಡ್ ಎಲ್ಲಿಂದ ತರಲಿ? ಹಾಲಿನ ಲೆಕ್ಕಕ್ಕೇ ಕ್ಯಾಮೆರಾ ಹಿಡಿದೆ. ‘ಸಿಗಲಿಲ್ಲ’ ಎಂದಿತು. ಹೋಗಲಿ ಎಂದು ಹೆಸರು ಟೈಪು ಮಾಡಿದರೆ ಒಂದೇ ಕಾದಂಬರಿ ಐದು ಕಡೆ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ದೀರ್ಘಕ್ಕೆ ಎರಡು ‘ಎ’ ಹಾಕಿದ್ದಾರೆ, ಇನ್ನೊಬ್ಬರು ಒಂದು, ಮತ್ತೊಬ್ಬರು ಒತ್ತಕ್ಷರವನ್ನೇ ನುಂಗಿದ್ದಾರೆ. ಐದಕ್ಕೂ ಬೇರೆ ಬೇರೆ ಸ್ಟಾರು. ಒಂದೂರಿನಲ್ಲಿ ಐದು ಆಧಾರ್ ಕಾರ್ಡು ಮಾಡಿಸಿಕೊಂಡವನ ಹಾಗೆ ಲೇಖಕ ಅಲ್ಲಿ ಅಲೆಯುತ್ತಿದ್ದಾನೆ.

ಆರನೆಯದನ್ನು ನಾನು ಸೇರಿಸಲು ಕೂತೆ. ‘ಲೇಖಕರ ಮೊದಲ ಹೆಸರು, ಕೊನೆಯ ಹೆಸರು.’ ಕಾವ್ಯನಾಮ ಒಂದೇ ಪದ. ಕೊನೆಯ ಹೆಸರು ಕಡ್ಡಾಯವಂತೆ. ಒಂದು ಚುಕ್ಕಿ ಇಟ್ಟೆ, ಒಪ್ಪಿಕೊಂಡಿತು. ಮುಂದೆ ‘ಪ್ರಕಾರ’ ಬಂತು. ನವೋದಯ, ನವ್ಯ, ಬಂಡಾಯ ಯಾವುದೂ ಪಟ್ಟಿಯಲ್ಲಿಲ್ಲ, ‘ರಕ್ತಪಿಶಾಚಿ ಪ್ರಣಯ’ ಇದೆ. ಆಮೇಲೆ ‘ಮೂಡ್’. ಈ ಮೂಡಿನ ಪದ್ಧತಿಯನ್ನು ಜನಪ್ರಿಯ ಮಾಡಿದ್ದು ಸ್ಟೋರಿಗ್ರಾಫ್ ಎಂಬ ಇನ್ನೊಂದು ಆ್ಯಪ್. ನಾಡಿಯಾ ಒಡುನಾಯೊ ಎಂಬಾಕೆ 2019ರಲ್ಲಿ ಶುರುಮಾಡಿದ್ದು, ಅಮೆಜಾನಿನಷ್ಟು ದೊಡ್ಡ ಕಂಪನಿಗೆ ಎದುರಾಗಿ ನಿಂತದ್ದಕ್ಕೆ ಆಕೆಗೆ ನಿಜವಾಗಿಯೂ ಶಭಾಷ್ ಎನ್ನಬೇಕು. ನನ್ನ ಆ್ಯಪ್ ಅದನ್ನು ನೋಡಿ ಬರೆ ಎಳೆದುಕೊಂಡಿದೆ. ಪಾತ್ರಗಳು ಮುದ್ದಾಗಿವೆಯೇ? ಕಥೆಯ ಓಟ ಹೇಗಿದೆ? ನಾಯಕ ಕೊನೆಯಲ್ಲಿ ಬದಲಾಗುತ್ತಾನೆಯೇ?

ಅಯ್ಯಾ, ಇದು ನವ್ಯ ಕಾದಂಬರಿ. ನಾಯಕ ಮುನ್ನೂರು ಪುಟ ಅಟ್ಟದ ಮೇಲೆ ಕೂತು ಅಪ್ಪನ ಬಗ್ಗೆ ಯೋಚಿಸುತ್ತಾನೆ. ಮುದ್ದಾಗಿರುವುದು ಇಡೀ ಪುಸ್ತಕದಲ್ಲಿ ಒಂದು ಬೆಕ್ಕು, ಅದೂ ಬಾವಿಗೆ ಬೀಳುತ್ತದೆ. ‘ಓಟ: ನಿಧಾನ, ಮೂಡ್: ಆಹ್ಲಾದಕರ’ ಎಂದು ಗುರುತು ಹಾಕಿ ಕೈತೊಳೆದುಕೊಂಡೆ. ನಲವತ್ತು ನಿಮಿಷ ಹಿಡಿಯಿತು. ಇದಿಷ್ಟೂ ಯಾಕೆಂದರೆ ನನ್ನ ರುಚಿ ತಿಳಿದುಕೊಂಡು ಮುಂದಿನ ಪುಸ್ತಕವನ್ನು ಅದು ಸೂಚಿಸುತ್ತದಂತೆ. ಸೂಚಿಸಿತು. ‘ಇದು ಇಷ್ಟವಾದವರಿಗೆ ಇದೂ ಇಷ್ಟವಾಗಬಹುದು’ ಎಂದು ಮೂವತ್ತು ನಿಮಿಷದಲ್ಲಿ ಮಾಡುವ ಭಾರತೀಯ ಅಡುಗೆಯ ಪುಸ್ತಕ. ಅದರ ಬೆನ್ನಿಗೆ, ಬೆಳಗಿನ ಜಾವ ಐದಕ್ಕೆ ಎದ್ದು ಶ್ರೀಮಂತರಾಗುವ ಬಗೆ. ಐದಕ್ಕೆ ಎದ್ದು ಶ್ರೀಮಂತನಾದ ಹಾಲಿನವನನ್ನು ನಾನಿನ್ನೂ ಕಂಡಿಲ್ಲ.

ಮುಂದಿನ ಪುಸ್ತಕ ಯಾವುದು ಎಂಬ ಪ್ರಶ್ನೆ ನಮ್ಮ ಬೀದಿಯಲ್ಲಿ ಬಗೆಹರಿಯುತ್ತಿದ್ದ ರೀತಿ ಬೇರೆ. ಹಿಟ್ಟಿನ ಗಿರಣಿ ಪಕ್ಕ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಆರಡಿ ಅಗಲದ ಮಳಿಗೆ, ಕಾದಂಬರಿಗಳ ಅಂಚಿಗೆಲ್ಲ ರಾಗಿ ಹಿಟ್ಟಿನ ಧೂಳು, ದಿನಕ್ಕೆ ನಾಲ್ಕಾಣೆ ಬಾಡಿಗೆ. ಅಮ್ಮ ಒಂದು ಪುಸ್ತಕ ತೆಗೆದರೆ ಅಂಗಡಿಯಾತ ಅವಳ ಕೈಯಿಂದಲೇ ಅದನ್ನು ಕಿತ್ತುಕೊಳ್ಳುತ್ತಿದ್ದ. ‘ಅಮ್ಮಾವ್ರೇ, ಇದು ನಿಮಗೆ ಬೇಡ. ಕೊನೇಲಿ ಹುಡುಗಿ ಸಾಯ್ತಾಳೆ. ಆಮೇಲೆ ನೀವು ಒಂದು ವಾರ ಈ ಕಡೆ ತಲೆ ಹಾಕಲ್ಲ, ನನ್ನ ವ್ಯಾಪಾರ ಹಾಳು.’

ಓದಿದ್ದನ್ನೇ ಮತ್ತೆ ತಂದು ಬಾಡಿಗೆ ದಂಡ ಆಗಬಾರದೆಂದು ಅಮ್ಮ 27ನೇ ಪುಟದಲ್ಲಿ, ಪುಟಸಂಖ್ಯೆಯ ಏಳರ ಕೊಕ್ಕಿಗೆ ತಾಗಿದ ಹಾಗೆ ಒಂದು ನೀಲಿ ಚುಕ್ಕಿ ಇಡುತ್ತಿದ್ದಳು. ಎದುರುಮನೆ ಟೀಚರ್ರದು 50ನೇ ಪುಟ, ಅರ್ಧಚಂದ್ರ. ಮೂಲೆಮನೆ ಅಜ್ಜಿಗೆ ಪೆನ್ನು ಹಿಡಿದು ರೂಢಿಯಿಲ್ಲ, ಅವರು ಕೊನೆಯ ಪುಟದ ತುದಿಯನ್ನು ಉಗುರಿನಷ್ಟು ಮಡಚುತ್ತಿದ್ದರು. ಅಮ್ಮ ಅಂಗಡಿಯಲ್ಲಿ ನಿಂತು ಮೊದಲು 27 ನೋಡುತ್ತಿದ್ದಳು, ಆಮೇಲೆ 50. ‘ಟೀಚರ್ ಮುಗಿಸಿದಾರೆ ಅಂದ್ರೆ ಚೆನ್ನಾಗಿರತ್ತೆ. ಅಜ್ಜಿನೂ ಮುಗಿಸಿದಾರಾ? ಹಾಗಾದ್ರೆ ಅಳು ಇರತ್ತೆ.’ ವರ್ಷಕ್ಕೆ ಎಷ್ಟು ಓದಿದಳೋ ಅವಳಿಗೂ ಗೊತ್ತಿಲ್ಲ, ಸಾರಿನ ಒಗ್ಗರಣೆ ಸೀದುಹೋದದ್ದು ಎಷ್ಟು ಸಲ ಎಂದು ನಮಗೆ ಗೊತ್ತಿದೆ.

ಅದಕ್ಕೂ ಹಿಂದೆ ಹೋದರೆ ಕಾದಂಬರಿಕಾರ ಗಳಗನಾಥರು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು ಎನ್ನುತ್ತಾರೆ. ಬರೆದವನೇ ಹೊತ್ತು ತಂದು, ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದು, ಇದು ಓದಿ ಎಂದು ಕೊಟ್ಟರೆ ಬೇಡ ಅನ್ನುವುದು ಹೇಗೆ?

‘ಓದಬೇಕೆಂದಿರುವೆ’ ಎಂಬ ಕಪಾಟನ್ನೂ ಆ್ಯಪ್‌ನವರು ತಮ್ಮದೇ ಆವಿಷ್ಕಾರ ಎಂದುಕೊಂಡಿದ್ದಾರೆ, ಪಾಪ. ಕನ್ನಡ ಪುಸ್ತಕ ಬಿಡುಗಡೆಗೆ ಒಂದು ಭಾನುವಾರ ಬಂದು ನೋಡಲಿ. ಬೆಳಿಗ್ಗೆ ಹತ್ತೂವರೆ, ಉಪ್ಪಿಟ್ಟು ಕೇಸರಿಬಾತಿನ ಪರಿಮಳ, ಪುಸ್ತಕಕ್ಕೆ ಕಟ್ಟಿದ ಟೇಪು ಬಿಚ್ಚಲಾಗದೆ ಉಗುರಿನಲ್ಲಿ ಪರಚುತ್ತಿರುವ ಅತಿಥಿ. ಮೈಕು ಹಿಡಿದವರ ಮೊದಲ ವಾಕ್ಯ: ‘ಪುಸ್ತಕ ನನ್ನ ಕೈಸೇರಿದ್ದು ನಿನ್ನೆ ರಾತ್ರಿ. ಪೂರ್ತಿ ಓದಲಾಗಿಲ್ಲ, ಕಣ್ಣಾಡಿಸಿದ್ದೇನೆ.’ ಆಮೇಲೆ ಐವತ್ತು ನಿಮಿಷ. ಇದಕ್ಕೆ ಯಾವ ಆ್ಯಪ್‌ನಲ್ಲಿ ಕಪಾಟಿದೆ ತೋರಿಸಿ. ಓದಿದೆ, ಓದುತ್ತಿರುವೆ, ಓದಬೇಕೆಂದಿರುವೆ. ಈ ಮೂರರ ಜೊತೆ ‘ಓದಿಲ್ಲ, ಆದರೂ ಮಾತಾಡುವೆ’ ಎಂಬ ನಾಲ್ಕನೆಯದನ್ನು ಸೇರಿಸಿದರೆ ಕರ್ನಾಟಕದಲ್ಲಿ ಒಂದೇ ವಾರದಲ್ಲಿ ಗುರಿ ಮುಟ್ಟಬಹುದು. ಸ್ಟಾರುಗಳ ಕಥೆಯೂ ಅಷ್ಟೆ. ಐದರಲ್ಲಿ ನಾಲ್ಕು ಕೊಟ್ಟರೆ ಲೇಖಕರು ವಾಟ್ಸಾಪಿನಲ್ಲಿ ‘ಒಂದು ಯಾಕೆ ಕಡಿಮೆ ಮಾಡಿದಿರಿ?’ ಎಂದು ಕೇಳುತ್ತಾರೆ. ನಾನು ಈಗ ಎಲ್ಲರಿಗೂ ಐದು. ದೇವರಿಗೆ ಹೂವಿನಲ್ಲಿ ಲೆಕ್ಕವೇ?

ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸಿ. ಇದು ಯಾವ ಸ್ಟಾರ್ಟಪ್ಪಿನ ಜಾಹೀರಾತೂ ಅಲ್ಲ. ಎಸ್. ಆರ್. ರಂಗನಾಥನ್ 1931ರಲ್ಲೇ ಬರೆದಿಟ್ಟ ಗ್ರಂಥಾಲಯ ಸೂತ್ರ. ಅವರು ನೆಲೆನಿಂತದ್ದು ನಮ್ಮ ಬೆಂಗಳೂರಿನಲ್ಲೇ, 1962ರಲ್ಲಿ ಗ್ರಂಥಪಾಲಕರನ್ನು ತಯಾರು ಮಾಡುವ ಕೇಂದ್ರ ಕಟ್ಟಿದ್ದೂ ಇಲ್ಲೇ. 1965ರಲ್ಲಿ ಗ್ರಂಥಾಲಯ ಕಾಯ್ದೆಯೂ ಬಂತು, ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯಕ್ಕೊಂದು ಕರವೂ ಬಂತು. ಮನೆ ಕಂದಾಯದ ರಸೀದಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3. ಕೊನೆಯ ಎರಡನ್ನು ಅಕ್ಕಪಕ್ಕ ಕೂರಿಸಿದ ಪುಣ್ಯಾತ್ಮನ ದೂರದೃಷ್ಟಿ ದೊಡ್ಡದು. ನಮ್ಮಿಂದ ಪೈಸೆ ಬಿಡದೆ ವಸೂಲಿಯಾದ ಆ ಶೇ. 6 ಗ್ರಂಥಾಲಯಕ್ಕೆ ದಾಟಿಲ್ಲ, ಬಾಕಿ ನೂರಾರು ಕೋಟಿ ಎಂಬ ಸುದ್ದಿ ಪತ್ರಿಕೆಯಲ್ಲಿ ಪದೇ ಪದೇ ಬರುತ್ತದೆ. ಗ್ರಂಥಾಲಯ ಇಲಾಖೆ ತನ್ನ ದುಡ್ಡನ್ನೇ ಕೈಚಾಚಿ ಬೇಡಬೇಕು. ಇಲಾಖೆ ಸಗಟಿನಲ್ಲಿ ಕೊಳ್ಳುವ 300 ಪ್ರತಿಯ ಹಣಕ್ಕೆ ಪ್ರಕಾಶಕರು ವರ್ಷಗಟ್ಟಲೆ ಕಾಯಬೇಕು.

ನಮ್ಮ ಬಡಾವಣೆಯ ಶಾಖೆಗೆ ಹೋದ ತಿಂಗಳು ಹೋಗಿದ್ದೆ. ಎರಡು ಟ್ಯೂಬ್‌ಲೈಟಿನಲ್ಲಿ ಒಂದು ಉರಿಯುತ್ತಿತ್ತು. ನಾಲ್ಕು ಜನ ನಿವೃತ್ತರು ಒಂದೇ ಪೇಪರಿನ ಹಾಳೆಗಳನ್ನು ಹಂಚಿಕೊಂಡು ಸರದಿಯ ಮೇಲೆ ಓದುತ್ತಿದ್ದರು. ಪುಸ್ತಕದ ಬೀರುವಿಗೆ ಬೀಗ. ಕೀ ಇರುವವರು ಇನ್ನೊಂದು ಶಾಖೆಯನ್ನೂ ನೋಡಿಕೊಳ್ಳಬೇಕು, ಗುರುವಾರ ಬನ್ನಿ ಎಂದರು. ಗಾಜಿನೊಳಗೆ ಕಾಣುತ್ತಿದ್ದ ಪುಸ್ತಕವೊಂದರ ಹೆಸರು ಹೇಳಿದೆ. ‘ಕಾಣ್ತಿದೆಯಲ್ಲ ಸಾರ್, ಇದೆ’ ಎಂದರು. ಗುರುವಾರ ಹೋದರೆ ಬಾಗಿಲೇ ತೆರೆದಿರಲಿಲ್ಲ. ನಗೆ ಬರಬೇಕಿತ್ತು, ಬರಲಿಲ್ಲ. ಕಾಸು ಕಟ್ಟಿದ್ದೇವೆ ಕಣ್ರೀ, ಐವತ್ತು ಅರವತ್ತು ವರ್ಷದಿಂದ ಕಟ್ಟುತ್ತಿದ್ದೇವೆ. ಆ ದುಡ್ಡು ಓದುವ ಮಕ್ಕಳದು. ಇಲಾಖೆಯವರೇ, ಹತ್ತು ರೂಪಾಯಿಯ ಟ್ಯೂಬ್‌ಲೈಟ್ ಸ್ಟಾರ್ಟರ್ ಹಾಕಿಸಲೂ ಆಗದಿದ್ದರೆ ಯಾವ ಮುಖ ಇಟ್ಟುಕೊಂಡು ಮೊಬೈಲಿನಲ್ಲಿ ಓದಿ ಎಂದು ಹೇಳುತ್ತೀರಿ?

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಫೋನು ಟಿಂಗ್ ಎಂದಿತು. ಅದೇ ಓಡುವ ಪುಸ್ತಕ.

ಮಾನ ಉಳಿಸಿಕೊಳ್ಳಲೇಬೇಕೆಂದು ನಿನ್ನೆ ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಏನಿದೆ ಎಂದು ಹುಡುಕಿದೆ. ದೇವರ ಮನೆಯ ಮೊಳೆಗೆ ಪಂಚಾಂಗ ನೇತುಬಿದ್ದಿತ್ತು. ತೆಗೆದು, ಕುಂಕುಮ ಕೊಡವಿ, ಸೇರಿಸಿದೆ. ಲೇಖಕರ ಕೊನೆಯ ಹೆಸರು: ಚುಕ್ಕಿ. ಪ್ರಕಾರ: ಪಟ್ಟಿಯಲ್ಲಿ ‘ಭವಿಷ್ಯದ ವಿಜ್ಞಾನ ಕಥೆ’ ಹತ್ತಿರವೆನಿಸಿತು. ಓಟ: ದಿನಕ್ಕೊಂದು ತಿಥಿ. ಮೂಡ್: ರಾಹುಕಾಲ ಬಿಟ್ಟು ಉಳಿದ ಹೊತ್ತಿನಲ್ಲಿ ಆಶಾದಾಯಕ. ಮುಗಿಸಿದಿರಾ? ಹೌದು. ಕೊನೆ ಇಷ್ಟವಾಯಿತೇ? ಕೊನೆಯ ಪುಟದಲ್ಲಿ ಊದುಬತ್ತಿ ಜಾಹೀರಾತು, ಇಷ್ಟವಾಯಿತು. ಇದು ಸರಣಿಯ ಭಾಗವೇ? ಹೌದು. ಮುಂದಿನ ಭಾಗ ಯಾವಾಗ? ಯುಗಾದಿಗೆ.

ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರಿದವು. ನಾನೀಗ 30 ಪುಸ್ತಕ ಮಾತ್ರ ಹಿಂದಿದ್ದೇನೆ.