ಐವತ್ತೊಂಬತ್ತು ರೂಪಾಯಿಯ ಶಾಸನ

ನಿವೃತ್ತನಾದ ಮೇಲೆ ನನಗೊಂದು ದುರಭ್ಯಾಸ ಅಂಟಿಕೊಂಡಿದೆ. ಬ್ಯಾಂಕಿನವರು ಕಳಿಸುವ ಸ್ಟೇಟ್‌ಮೆಂಟನ್ನು ಬೆಳಗಿನ ಕಾಫಿಯ ಜೊತೆ ಸಾಲು ಸಾಲಾಗಿ ಓದುತ್ತೇನೆ. ಬೆಂಗಳೂರಿನಲ್ಲಿರುವ ಮಗ ಒತ್ತಾಯ ಮಾಡಿ ಕೊಡಿಸಿದ ಕ್ರೆಡಿಟ್ ಕಾರ್ಡಿನ ಲೆಕ್ಕ ಅದು. ಔಷಧಿ ಅಂಗಡಿ, ಪೆಟ್ರೋಲ್ ಬಂಕು, ಕಿರಾಣಿ, ಮತ್ತೆ ಔಷಧಿ ಅಂಗಡಿ. ನನ್ನ ಜೀವನಚರಿತ್ರೆಯನ್ನು ಯಾರಾದರೂ ಬರೆಯುವುದಿದ್ದರೆ ಅಷ್ಟು ಸಾಮಗ್ರಿ ಸಾಕು.

ಈ ತಿಂಗಳು ಅದರ ನಡುವೆ ಒಂದು ಹೊಸ ಸಾಲು ಬಂದು ಕುಳಿತಿತ್ತು: ‘ಸಿಟಿ ಪಿಕೆಜಿ ಎಸ್‌ವಿಸಿ ನೋಯ್ಡಾ ಐಎನ್’. ಎದುರಿಗೆ 59 ರೂಪಾಯಿ. ದಿನಾಂಕ, ಎರಡು ವಾರದ ಹಿಂದಿನ ಬುಧವಾರ.

ಆ ಬುಧವಾರ ನಾನು ದಾವಣಗೆರೆ ಬಿಟ್ಟು ಕದಲಿರಲಿಲ್ಲ. ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ವಾಯುವಿಹಾರ, ಮಧ್ಯಾಹ್ನ ನಿದ್ದೆ, ಸಂಜೆ ಮಂಡಕ್ಕಿ ಮಿರ್ಚಿ. ಈ ಮೂರರಲ್ಲಿ ಯಾವುದಕ್ಕೂ ನೋಯ್ಡಾದ ಹಂಗಿಲ್ಲ. ಕೊನೆಯ ‘ಐಎನ್’ ಎಂದರೆ ಇಂಡಿಯಾ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ನಾನು ಪೆರು ದೇಶಕ್ಕೆ ಹೋಗಿ ಬಂದಿಲ್ಲ ಎಂಬಷ್ಟನ್ನು ಬ್ಯಾಂಕು ಖಾತರಿಪಡಿಸಿತ್ತು.

ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಕನ್ನಡಕವನ್ನೂ ಹಾಕಿಕೊಳ್ಳದೆ, “ಪಿಕೆಜಿ ಎಂದರೆ ಪ್ಯಾಕಿಂಗ್. ಬೆಣ್ಣೆ ದೋಸೆ ಪಾರ್ಸಲ್ ತರಿಸಿದ್ದೀರಿ” ಎಂದಳು. ನನಗೆ ಊರಿನ ಅಭಿಮಾನ ಕೆರಳಿತು. ಹೆಂಚಿನಿಂದ ತಟ್ಟೆಗೆ ಇಳಿದ ಬೆಣ್ಣೆ ದೋಸೆ ಆರುವ ಮೊದಲೇ ಮುಗಿಯಬೇಕು. ಅದನ್ನು ಪೊಟ್ಟಣ ಕಟ್ಟಿಸುವವನು ದಾವಣಗೆರೆಯವನೇ ಅಲ್ಲ ಎಂದೆ. “ಹಾಗಾದರೆ ಅಲ್ಲೇ ಹೋಗಿ ತಿಂದು ಬಂದಿದ್ದೀರಿ ಎಂದಾಯಿತು” ಎಂದಳು. ಡಾಕ್ಟರು ನನಗೆ ಬೆಣ್ಣೆ ಮುಟ್ಟಬೇಡಿ ಎಂದು ಹೇಳಿ ಎರಡು ವರ್ಷವಾಗಿದೆ. ತನಿಖೆ ನೋಯ್ಡಾವನ್ನು ಬಿಟ್ಟು ನನ್ನ ಕಡೆಗೇ ತಿರುಗುವ ಲಕ್ಷಣ ಕಂಡಿದ್ದರಿಂದ ಹಾಳೆಯನ್ನು ಮಡಚಿಕೊಂಡು ಜಗುಲಿಗೆ ಬಂದೆ.

ಪಕ್ಕದ ಮನೆಯವರು ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಅಂಗಡಿ ಇಟ್ಟವರು. ಮೆಕ್ಕೆಜೋಳದ ಕಾಳನ್ನು ಅಂಗೈಯಲ್ಲಿ ಉಜ್ಜಿ ತೇವಾಂಶ ಹೇಳುವ ಮನುಷ್ಯ. ಸಾಲನ್ನು ದೂರ ಹಿಡಿದು ನೋಡಿ, “ಇದರಲ್ಲಿ ಗೊಂದಲವೇನಿದೆ ಸ್ವಾಮಿ? ಪರ್ ಕೆ.ಜಿ. 59 ರೂಪಾಯಿ. ಯಾರೋ ನಿಮಗೆ ಒಂದು ಕೆ.ಜಿ. ಏನನ್ನೋ ಮಾರಿದ್ದಾರೆ” ಎಂದರು. ಮೆಕ್ಕೆಜೋಳ ಇರಬಹುದೇ ಎಂದು ಕೇಳಿದೆ. “ಆ ದರ ಮೆಕ್ಕೆಜೋಳಕ್ಕೆ ಬಂದಿದ್ದರೆ ನಾನು ನಿಮ್ಮ ಜಗುಲಿಯ ಮೇಲೆ ಕುಳಿತಿರುತ್ತಿದ್ದೆನೇ?” ಎಂದು ನಿಟ್ಟುಸಿರು ಬಿಟ್ಟರು.

ಲಿಪಿ ಓದುವ ವಿಷಯದಲ್ಲಿ ನಮ್ಮ ಸೀಮೆಯವರು ಹೀಗೆ ಸೋಲಬಾರದಿತ್ತು. 1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ. ಆ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಅದನ್ನು ಪತ್ತೆ ಹಚ್ಚಿದರು. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬಿಸಿಲು ಮಳೆ ತಿಂದ ಬಂಡೆ. ಅದರ ಮೇಲೆ ಏನಿದೆ? ಸುವರ್ಣಗಿರಿಯಿಂದ, ಆರ್ಯಪುತ್ರನ (ಅಂದರೆ ರಾಜಕುಮಾರನ) ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮಾತಿನಂತೆ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೀಗೆ ಹೇಳತಕ್ಕದ್ದು ಎಂದು ಆರಂಭವಾಗುತ್ತದೆ. ಎಲ್ಲಿಂದ, ಯಾರ ಅಪ್ಪಣೆ, ಯಾರಿಗೆ ಎಲ್ಲವೂ ಮೊದಲ ಸಾಲಿನಲ್ಲೇ ಸ್ಪಷ್ಟ. ಮೇಲಾಗಿ ಕುಶಲ ಪ್ರಶ್ನೆ ಬೇರೆ. ಕೊನೆಯಲ್ಲಿ, ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿದ್ದಾನೆ. ನನ್ನ ಜೇಬಿನಿಂದ 59 ರೂಪಾಯಿ ತೆಗೆದವನಿಗೆ ಚಪಡನಷ್ಟು ದಾಕ್ಷಿಣ್ಯವೂ ಇಲ್ಲ. ಬಂಡೆಯ ಮೇಲೆ ಉಳಿ ಹಿಡಿದು ಅಕ್ಷರ ಕೊರೆಯುವ ಕಷ್ಟವಿದ್ದ ಕಾಲದಲ್ಲಿ ಪೂರ್ತಿ ವಾಕ್ಯ ಬರೆದರು; ಗುಂಡಿ ಒತ್ತಿದರೆ ಅಕ್ಷರ ಮೂಡುವ ಕಾಲದಲ್ಲಿ ‘ಎಸ್‌ವಿಸಿ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ.

ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಬಹಳ ಸಭ್ಯ.

“ಸರ್, ಇದು ನೀವೇ ಮಾಡಿರುವ ವ್ಯವಹಾರ.”

“ಏನೆಂದು ಹೇಳಿದರೆ ನಾನು ಮಾಡಿದ್ದೇನೋ ಇಲ್ಲವೋ ಹೇಳುತ್ತೇನೆ.”

“ನೀವು ಮಾಡಿದ್ದೀರೋ ಇಲ್ಲವೋ ಹೇಳಿದರೆ ಏನೆಂದು ವಿಚಾರಿಸಬಹುದು, ಸರ್.”

ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದೆವು. ನಂತರ ಅವನು ಕಂಪ್ಯೂಟರನ್ನು, ಜೋಯಿಸರು ಕುಂಡಲಿ ತೋರಿಸುವಂತೆ, ನನ್ನ ಕಡೆಗೆ ತಿರುಗಿಸಿದ. ಅಲ್ಲಿಯೂ ಅದೇ ಸಾಲು, ಸ್ವಲ್ಪ ದೊಡ್ಡ ಅಕ್ಷರದಲ್ಲಿ. ಕಾರ್ಡಿನ ವಿಭಾಗ ಬೇರೆ, ಅವರ ಸಹಾಯವಾಣಿಗೆ ಕರೆ ಮಾಡಿ ಎಂದ.

ಸಹಾಯವಾಣಿಯಲ್ಲಿ ಭಾಷೆ ಆರಿಸಿ, ಕಾರ್ಡಿನ ಸಂಖ್ಯೆ ಒತ್ತಿ, ಹುಟ್ಟಿದ ದಿನ ಒತ್ತಿ, ಕೊಳಲು ವಾದನ ಕೇಳಿ ಮುಗಿಸಿದ ಮೇಲೆ ಒಬ್ಬ ತಾಯಿ ಸಿಕ್ಕಿದರು. ಇದು ವಂಚನೆಯೇ ಎಂದು ಕೇಳಿದರು. ಅದನ್ನು ತಿಳಿಯಲೆಂದೇ ಕರೆ ಮಾಡಿದ್ದು ಎಂದೆ. ವಂಚನೆ ಎಂದರೆ ಕಾರ್ಡನ್ನು ಈಗಲೇ ಸ್ಥಗಿತಗೊಳಿಸುತ್ತೇವೆ, ಹೊಸ ಕಾರ್ಡಿಗೆ 200 ರೂಪಾಯಿ ಮತ್ತು ಜಿಎಸ್‌ಟಿ ಎಂದರು. ಅಂದರೆ 236. ಐವತ್ತೊಂಬತ್ತು ರೂಪಾಯಿಯ ಕಳ್ಳನನ್ನು ಹಿಡಿಯಲು ಪೊಲೀಸನಿಗೆ ಅದರ ನಾಲ್ಕು ಪಟ್ಟು ಭತ್ಯೆ. ವಂಚನೆಯಲ್ಲ ಎಂದರೆ? “ಹಾಗಿದ್ದರೆ ಅದು ನೀವೇ ಮಾಡಿದ ವ್ಯವಹಾರ, ಸರ್.”

ಇಲ್ಲಿ ರಿಸರ್ವ್ ಬ್ಯಾಂಕನ್ನು ಬೈಯುವಂತಿಲ್ಲ. ಗ್ರಾಹಕನನ್ನು ಕಾಪಾಡಲು ಅದು 2017ರ ಜುಲೈ 6ರಂದೇ ಸುತ್ತೋಲೆ ಹೊರಡಿಸಿದೆ. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರು ಹಣ ಎಗರಿಸಿದ್ದಾರೆ ಎಂದಾದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನ ಎಂದರೆ ನಷ್ಟದಲ್ಲಿ ನಮಗೂ ಒಂದು ಮಿತಿಯವರೆಗೆ ಪಾಲು. ನಿಯಮ ಚೆನ್ನಾಗಿದೆ. ದೂರು ಕೊಡಲು ಮೂರು ದಿನ. ಏನಾಯಿತೆಂದು ಅರ್ಥವಾಗಲು ಮಾತ್ರ ಮೂರು ವಾರ. ನನಗೂ ಸಂದೇಶ ಬಂದಿತ್ತಂತೆ. ಆಮೇಲೆ ಹುಡುಕಿದೆ; ಸಾಲ ಬೇಕೇ, ನಿವೇಶನ ಬೇಕೇ, ಮಂಡಿನೋವೇ ಎಂದು ಕೇಳುವ ಮೂವತ್ತು ಸಂದೇಶಗಳ ಅಡಿಯಲ್ಲಿ ಅದೂ ಇತ್ತು. ಅಲ್ಲಿಯೂ ಅದೇ ‘ಸಿಟಿ ಪಿಕೆಜಿ’. ಆದರೆ ದಿನಾಂಕ ಮಾತ್ರ ಬುಧವಾರದ್ದಲ್ಲ, ಅದಕ್ಕೆ ಮೂರು ದಿನ ಹಿಂದಿನ ಭಾನುವಾರದ್ದು.

ರಾತ್ರಿ ಮಗನಿಗೆ ಫೋನ್ ಮಾಡಿದೆ. ಅವನು ಅರ್ಧ ವಾಕ್ಯದಲ್ಲಿ ಮುಗಿಸಿದ. “ಅಪ್ಪಾ, ಅದು ಪಾರ್ಕಿಂಗ್ ಸರ್ವಿಸ್. ಮದುವೆಯ ಜವಳಿಗೆಂದು ಬಂದಾಗ ಇಲ್ಲಿನ ಮಾಲ್‌ನಲ್ಲಿ ಕಾರು ನಿಲ್ಲಿಸಿದ್ದೆವಲ್ಲ.”

ಲೆಕ್ಕ ಸರಿಯಾಗಿತ್ತು. ನಿಲುಗಡೆಗೆ 50 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 9 ರೂಪಾಯಿ. ಮಿಕ್ಕದ್ದನ್ನೂ ಅವನೇ ಬಿಡಿಸಿ ಹೇಳಿದ. ಸ್ಟೇಟ್‌ಮೆಂಟಿನಲ್ಲಿ ಬೀಳುವುದು ಬೋರ್ಡಿನ ಮೇಲಿನ ಹೆಸರಲ್ಲ, ಗುತ್ತಿಗೆ ಹಿಡಿದ ಕಂಪನಿ ಬ್ಯಾಂಕಿನಲ್ಲಿ ಬರೆಸಿದ ಹೆಸರು. ಊರು, ಕಾರು ನಿಂತ ಊರಲ್ಲ. ಕಂಪನಿಯ ಕಚೇರಿ ನಿಂತ ಊರು. ದಿನಾಂಕ, ನಾವು ಕಾರ್ಡು ಉಜ್ಜಿದ್ದಲ್ಲ. ಅವರ ಲೆಕ್ಕ ಬಂದು ಸೇರಿದ್ದು. ಹೆಸರು, ಊರು, ದೇಶ ಮೂರಕ್ಕೂ ಸೇರಿ ಕಾರ್ಡಿನ ವ್ಯವಸ್ಥೆಯಲ್ಲಿರುವುದು 40 ಅಕ್ಷರಗಳ ಜಾಗ. ಯಾರು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಒಂದೇ ಸಾಲಿನಲ್ಲಿ ಮೂರು ತಪ್ಪು ಉತ್ತರ. ಪರೀಕ್ಷೆಯಲ್ಲಿ ಹೀಗೆ ಬರೆದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಇನ್ನೊಂದು ಮಾತು ಕೇಳಿ ನನ್ನ ರಕ್ತದೊತ್ತಡ ಏರಿತು. ಪ್ರತಿ ಅಂಗಡಿಗೂ ಅದರ ಕಸುಬಿನ ಪ್ರಕಾರ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದಂತೆ. ವಾಹನ ನಿಲುಗಡೆಗೆ ಇರುವುದು 7523. ಕಾರ್ಡು ಉಜ್ಜಿದಾಗಲೆಲ್ಲ ಆ ಸಂಖ್ಯೆ ಬ್ಯಾಂಕಿನ ಯಂತ್ರದ ಒಳಗೆ ಹಾದು ಹೋಗುತ್ತದೆ. ಅಂದರೆ ಇದು ಪಾರ್ಕಿಂಗ್ ಎಂದು ಯಂತ್ರಕ್ಕೆ ಮೊದಲ ಕ್ಷಣದಿಂದ ಗೊತ್ತು. ಗೊತ್ತಿಲ್ಲದಿದ್ದದ್ದು ಕೌಂಟರಿನ ಹುಡುಗನಿಗೆ, ಸಹಾಯವಾಣಿಯ ತಾಯಿಗೆ ಮತ್ತು ಹಣ ಕೊಟ್ಟ ನನಗೆ.

ಹಳೆಯ ಕಾಲದಲ್ಲಿ ಪೇಟೆಯಲ್ಲಿ ಸ್ಕೂಟರ್ ನಿಲ್ಲಿಸಿದರೆ ಎಲ್ಲಿಂದಲೋ ಒಬ್ಬ ಹುಡುಗ ಪ್ರತ್ಯಕ್ಷನಾಗಿ ಗುಲಾಬಿ ಬಣ್ಣದ ಚೀಟಿ ಹರಿದು ಹ್ಯಾಂಡಲಿಗೆ ಸಿಕ್ಕಿಸುತ್ತಿದ್ದ. ಎರಡು ರೂಪಾಯಿ. ಜಗಳವಾಡಿದರೆ ಒಂದಕ್ಕೂ ಒಪ್ಪುತ್ತಿದ್ದ. ಸುಲಿಗೆಯೇ ಇರಲಿ, ಸುಲಿಯುವವನಿಗೊಂದು ಮುಖವಿತ್ತು. ಮರುದಿನ ಅವನೇ ಸ್ಕೂಟರನ್ನು ನೆರಳಿಗೆ ತಳ್ಳಿ ಇಡುತ್ತಿದ್ದ. ಚೀಟಿಯ ಮೇಲೆ ‘ವಾಹನಕ್ಕೆ ಮಾಲೀಕರೇ ಹೊಣೆ’ ಎಂದು ಅಚ್ಚಾಗಿರುತ್ತಿತ್ತು. ಮಾಲ್‌ನ ಗೋಡೆಯ ಮೇಲೂ ಅದೇ ವಾಕ್ಯವಿದೆ ಎಂದು ಮಗ ಹೇಳಿದ. ಎರಡು ರೂಪಾಯಿ ಐವತ್ತೊಂಬತ್ತಾದರೂ ಹೊಣೆ ಮಾತ್ರ ಒಂದು ಪೈಸೆಯಷ್ಟೂ ಏರಿಲ್ಲ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಮಗ ಸುಮ್ಮನಿರದೆ, “ಫಾಸ್ಟ್ಯಾಗ್ ಲೆಕ್ಕವನ್ನೂ ಒಮ್ಮೆ ನೋಡಿ, ಆ ಗೇಟಿನಲ್ಲಿ ಅದನ್ನೂ ಓದುತ್ತಾರೆ” ಎಂದ. 2021ರ ಫೆಬ್ರುವರಿಯಲ್ಲಿ ಹೆದ್ದಾರಿ ಟೋಲ್‌ಗಳಲ್ಲಿ ಕಡ್ಡಾಯವಾದಾಗ ಗಾಜಿಗೆ ಅಂಟಿಸಿದ ಚೀಟಿ. ಹೆಬ್ಬಾಳು ಟೋಲ್ ದಾಟಲಿಕ್ಕೆ ಮಾತ್ರ ಅದು ಎಂದು ನಾನು ನಂಬಿದ್ದೆ. ನೋಡಿದರೆ ಅಲ್ಲಿಯೂ ಅದೇ ಭಾನುವಾರ 59 ರೂಪಾಯಿ! ಹೊರಗೆ ಬರುವಾಗ ಗೇಟಿನ ಹುಡುಗ “ಟ್ಯಾಗ್ ತೆಗೆದುಕೊಳ್ಳುತ್ತಿಲ್ಲ” ಎಂದು ಕಾರ್ಡು ಕೇಳಿದ್ದು ನೆನಪಾಯಿತು. ಟ್ಯಾಗ್ ತೆಗೆದುಕೊಂಡಿತ್ತು. ಹುಡುಗನಿಗೆ ಹೇಳಿರಲಿಲ್ಲ, ಅಷ್ಟೇ.

ಈಗ ನನಗೊಂದು ನ್ಯಾಯವಾದ ತಕರಾರು ದೊರಕಿತು. ಬ್ರಹ್ಮಗಿರಿಯ ಮಾದರಿಯಲ್ಲೇ ಮಿಂಚಂಚೆ ಬರೆದೆ. ದಾವಣಗೆರೆಯ ವಿದ್ಯಾನಗರದಿಂದ, ಗೃಹಿಣಿಯ ಮತ್ತು ನೆರೆಯವರ ಮಾತಿನಂತೆ, ನೋಯ್ಡಾದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೇಳುವುದೇನೆಂದರೆ, ಒಂದೇ ಕಾರು ಒಂದೇ ಭಾನುವಾರ ಒಂದೇ ಕಂಬದ ಪಕ್ಕದಲ್ಲಿ ನಿಂತದ್ದಕ್ಕೆ ಎರಡು ಸಲ ಬಾಡಿಗೆ ಸಂದಿದೆ, ಒಂದನ್ನು ಹಿಂದಿರುಗಿಸತಕ್ಕದ್ದು. ಕೆಳಗೆ ಲಿಪಿಕಾರನ ಹೆಸರು, ವಿಳಾಸ, ಕಾರಿನ ಸಂಖ್ಯೆ. ಐದು ಸೆಕೆಂಡಿನಲ್ಲಿ ಉತ್ತರ ಬಂತು: ನಿಮ್ಮ ದೂರು ನಮಗೆ ಅಮೂಲ್ಯ, ದಯವಿಟ್ಟು ಈ ವಿಳಾಸಕ್ಕೆ ಉತ್ತರಿಸಬೇಡಿ.

ಹತ್ತೊಂಬತ್ತನೆಯ ದಿನ ಮೊಬೈಲ್ ಗುಂಯ್‌ಗುಟ್ಟಿತು. ‘ಆರ್‌ಇವಿ ಸಿಟಿ ಪಿಕೆಜಿ ಎಸ್‌ವಿಸಿ’, 59 ರೂಪಾಯಿ ಜಮೆ. ಜಗುಲಿಯಲ್ಲಿ ಪತ್ರಿಕೆ ಓದುತ್ತಿದ್ದ ದಲಾಲರಿಗೆ ತೋರಿಸಿದೆ. ಅವರು ಮೊಬೈಲನ್ನು ದೂರ ಹಿಡಿದು ನೋಡಿ ತಲೆದೂಗಿದರು.

“ನಾನು ಅವತ್ತೇ ಹೇಳಿರಲಿಲ್ಲವೇ, ಪರ್ ಕೆ.ಜಿ. ಎಂದು? ಮಾಲು ತೇವ ಇತ್ತು ಎಂದು ಕಾಣುತ್ತದೆ. ವಾಪಸ್ ತೆಗೆದುಕೊಂಡಿದ್ದಾರೆ.”