ಪೊರಕೆಯಿಲ್ಲದ ನೌಕಾಪಡೆ

ಆರು ವರ್ಷ ಪೊರಕೆಯೇ ಇಲ್ಲದ ಮನೆಯೊಂದರ ಹಿರಿಯರು ಕೊನೆಗೊಂದು ದಿನ ಜಗಲಿಯಲ್ಲಿ ಕುಳಿತು, ‘ಪೊರಕೆಯ ಅಗತ್ಯವನ್ನು ಅಂಗೀಕರಿಸಲಾಗಿದೆ’ ಎಂದು ಠರಾವು ಮಾಡಿದರೆ ಮಲೆನಾಡಿನ ಹೆಂಗಸರು ಏನೆನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯಲಾಗದು. ಜುಲೈ 2025ರಲ್ಲಿ ರಕ್ಷಣಾ ಖರೀದಿ ಮಂಡಳಿಯು ಮೈನ್ ಎಂಬ ನೀರಡಿಯ ಸಿಡಿಗುಂಡುಗಳನ್ನು ಗುಡಿಸಿ ತೆಗೆಯುವ ಹಡಗುಗಳ ವಿಷಯದಲ್ಲಿ ಮಾಡಿದ್ದು ಅದನ್ನೇ. ನೌಕಾಪಡೆಯಲ್ಲಿದ್ದ ಅಂಥ ಹಡಗುಗಳಲ್ಲಿ ಐಎನ್ಎಸ್ ಕಾರವಾರ 2017ರಲ್ಲಿ ನಿವೃತ್ತವಾಯಿತು. ಕೊನೆಯದಾಗಿ ಉಳಿದಿದ್ದ ಐಎನ್ಎಸ್ ಕೋಝಿಕೋಡ್ 2019ರಲ್ಲಿ. ಹೊಸದಾಗಿ ಹನ್ನೆರಡು ಹಡಗು ಕಟ್ಟಲು ದಕ್ಷಿಣ ಕೊರಿಯಾದವರೊಂದಿಗೆ ನಡೆದಿದ್ದ ಮಾತುಕತೆ ಅದಕ್ಕೂ ಮೊದಲೇ, 2018ರಲ್ಲಿ ಮುರಿದುಬಿದ್ದಿತ್ತು.

ಮೈನಿಗೆಂದೇ ಬೇರೆ ಹಡಗೇಕೆ, ಭವಿಷ್ಯದ ಹಡಗೆಂದರೆ ಎಲ್ಲ ಬಗೆಯ ಯುದ್ಧಕ್ಕೂ ಒದಗಬೇಕು ಎಂಬ ಆಸೆ ನಮ್ಮದಷ್ಟೇ ಅಲ್ಲ. ಇಂದು ಮೈನ್ ಹುಡುಕಿ, ನಾಳೆ ಸಲಕರಣೆ ಬದಲಿಸಿಕೊಂಡು ಸಬ್‌ಮರೀನ್ ಬೇಟೆಯಾಡುವ ತೀರನೌಕೆಗಳನ್ನು ಅಮೆರಿಕ ಕಟ್ಟಿತು; ಸಬ್‌ಮರೀನ್ ಬೇಟೆಯ ಸಲಕರಣೆಯನ್ನು ಕೊನೆಗೆ ಕೈಬಿಟ್ಟಿತು. ಅವುಗಳಲ್ಲೊಂದಾದ ಸೂ ಸಿಟಿ 2018ರಲ್ಲಿ ಸೇವೆಗೆ ಸೇರಿ 2023ರಲ್ಲಿ ಮನೆಗೆ ಹೋಯಿತು. ಅದು ಸೇವೆಗೆ ಸೇರಿದಾಗ ನೆಟ್ಟ ಅಡಿಕೆ ಸಸಿಯಾದರೂ ಇನ್ನೂ ತೋಟದಲ್ಲಿದೆ.

ಬಹುಪಯೋಗಿ ನೌಕೆಯನ್ನು ನೋಡಬೇಕೆಂದಿದ್ದರೆ ಅಮೆರಿಕದ ತಜ್ಞರು ಶರಾವತಿ ಹಿನ್ನೀರಿಗೆ ಬರಬೇಕಿತ್ತು. ಸಿಗಂದೂರಿನ ಲಾಂಚು ಬಸ್ಸು, ಜೀಪು, ಅಡಿಕೆ ಮೂಟೆ, ಮದುವೆ ದಿಬ್ಬಣ, ಹರಕೆ ಹೊತ್ತ ಭಕ್ತರು, ಹೆರಿಗೆ ನೋವಿನ ಹೆಂಗಸು, ಎಲ್ಲರನ್ನೂ ಸಲಕರಣೆ ಬದಲಿಸದೆಯೇ ದಾಟಿಸಿತು. ನೀರಿಳಿದ ಬೇಸಿಗೆಯಲ್ಲಿ ವಾಹನಗಳನ್ನು ಬಿಟ್ಟುಬರುತ್ತಿತ್ತು, ನಿಜ. ಆದರೆ ಮುಳುಗಡೆಯ ಜನರಿಗೆ ಸೇತುವೆಯ ‘ಅಗತ್ಯ’ ಅಂಗೀಕಾರವಾಗಿ, ಕಟ್ಟಿ, ಉದ್ಘಾಟನೆಯಾಗುವ ಹೊತ್ತಿಗೆ ಅದೇ ಜುಲೈ 2025 ಬಂದಿತ್ತು. ಅವರನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಈ ಲೆಕ್ಕದಲ್ಲಿ ನೌಕಾಪಡೆಯವರು ಅದೃಷ್ಟವಂತರೇ.

ನಗುವುದಕ್ಕೂ ಮಿತಿಯಿದೆ. ಮೈನ್ ಎಂಬುದು ಕಡಲಿನ ಅತ್ಯಂತ ಅಗ್ಗದ ಆಯುಧಗಳಲ್ಲೊಂದು. ಬಂದರಿನ ಬಾಯಿಯಲ್ಲಿ ನಾಲ್ಕನ್ನು ಬಿಟ್ಟರೆ ಸುಮಾರು 45,000 ಟನ್ನಿನ ವಿಮಾನವಾಹಕ ನೌಕೆ ವಿಕ್ರಾಂತವೂ ಕಟ್ಟಿಹಾಕಿದ ಎಮ್ಮೆಯಂತೆ ಒಳಗೇ ನಿಲ್ಲಬೇಕು. ಸದ್ಯಕ್ಕೆ ಬೇರೆ ಹಡಗುಗಳಿಗೆ ಸೋನಾರ್ (ನೀರಡಿಯ ವಸ್ತುವನ್ನು ಶಬ್ದದಿಂದ ಪತ್ತೆಹಚ್ಚುವ ಸಾಧನ) ಕಟ್ಟಿಕೊಂಡು ಕಾಲ ತಳ್ಳಲಾಗುತ್ತಿದೆ. ಠರಾವಿಗೆ ಸಹಿ ಹಾಕಿದವರು ಯಾರೂ ಆ ನೀರಿಗೆ ಇಳಿಯುವುದಿಲ್ಲ. ಇಳಿಯುವವನು ಊರಿನಿಂದ ಬಸ್ಸು ಹತ್ತಿ ಹೋದ ಇಪ್ಪತ್ತೆರಡರ ಹುಡುಗ.