ಡಿಕ್ಕಿ ಲೈಟ್ ಆರಿಸುವುದು ಬೇರೆ, ರಿಪೇರಿ ಮಾಡುವುದು ಬೇರೆ

ಕಾರಿನ ಡಿಕ್ಕಿ ಗಟ್ಟಿಯಾಗಿ ಮುಚ್ಚಿದೆ. ಇಳಿದು ಹೋಗಿ ಒತ್ತಿ ನೋಡಿದ್ದಾಯಿತು, ಎಳೆದು ನೋಡಿದ್ದಾಯಿತು, ಅಲ್ಲಾಡುವುದಿಲ್ಲ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಡಿಕ್ಕಿ ತೆರೆದಿದೆ ಅನ್ನುವ ಆ ಪುಟ್ಟ ಚಿತ್ರ ಉರಿಯುತ್ತಲೇ ಇರುತ್ತದೆ. ಈ ತೊಂದರೆ ಹೇಳಿಕೊಂಡರೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. "ಲಾಕ್ ಸೆಟ್ ಪೂರ್ತಿ ಬದಲಾಯಿಸಿಬಿಡಿ" ಅನ್ನುವುದು ಒಂದು. "ಸೆನ್ಸರ್ ವೈರ್ ಶಾರ್ಟ್ ಮಾಡಿಬಿಡಿ, ಲೈಟ್ ಹೋಗುತ್ತೆ" ಅನ್ನುವುದು ಇನ್ನೊಂದು, ಅಂದರೆ ಸ್ವಿಚ್ಚನ್ನು ಬಿಟ್ಟು ಎರಡು ವೈರನ್ನು ನೇರವಾಗಿ ಕೂಡಿಸಿಬಿಡುವುದು. ಎರಡೂ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಮೊದಲನೆಯದರಲ್ಲಿ ದುಡ್ಡು ಹೋಗಬಹುದು, ಅಷ್ಟೇ. ಎರಡನೆಯದು ಅಪಾಯ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ತಾಳ್ಮೆ ಇರಲಿ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಡಿಕ್ಕಿಯ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅನ್ನುವುದು ಕಾರಿಗೆ ನೇರವಾಗಿ ಗೊತ್ತಾಗುವುದೇ ಇಲ್ಲ. ಹೆಚ್ಚಿನ ಕಾರುಗಳಲ್ಲಿ ಲಾಕ್ ಒಳಗೇ ಒಂದು ಚಿಕ್ಕ ಮೈಕ್ರೋಸ್ವಿಚ್ ಇರುತ್ತದೆ. ಬಾಗಿಲು ಹಾಕಿದಾಗ ಬಾಡಿ ಕಡೆಯ ಉಕ್ಕಿನ ಕೊಂಡಿ ಲಾಕಿನ ನಾಲಿಗೆಯನ್ನು ತಿರುಗಿಸುತ್ತದೆ, ಆ ನಾಲಿಗೆ ಸ್ವಿಚ್ಚನ್ನು ಒತ್ತುತ್ತದೆ ಅಥವಾ ಬಿಡುತ್ತದೆ. ಆ ಸುದ್ದಿ ವೈರಿನಲ್ಲಿ ಹರಿದು ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನುವ ಪುಟ್ಟ ಕಂಪ್ಯೂಟರನ್ನು ತಲುಪುತ್ತದೆ, ಲೈಟ್ ಹಾಕುವುದೂ ಆರಿಸುವುದೂ ಆ ಮಾಡ್ಯೂಲ್. ಹಳೆಯ ಕಾರುಗಳಲ್ಲಿ ಇದೇ ಕೆಲಸಕ್ಕೆ ಬಾಗಿಲಿನ ಅಂಚಿನಲ್ಲಿ ಒತ್ತಿದರೆ ಒಳಹೋಗುವ ಪಿನ್ ಸ್ವಿಚ್ ಇರುತ್ತಿತ್ತು. ಅಂದರೆ ಕೊಂಡಿ, ನಾಲಿಗೆ, ಸ್ವಿಚ್, ವೈರ್, ಮಾಡ್ಯೂಲ್, ಇವುಗಳಲ್ಲಿ ಯಾವುದು ಕೆಟ್ಟರೂ ಅದೇ ಲೈಟ್ ಉರಿಯಬಹುದು. ಎಲ್ಲಿ ಕೆಟ್ಟಿದೆ ಅನ್ನುವುದನ್ನು ಹುಡುಕದೆ ಲಾಕ್ ಬದಲಾಯಿಸಿ ಅನ್ನುವುದು ಬರೀ ಊಹೆ.

ಬರೀ ಲೈಟ್ ತಾನೇ, ಉರಿದರೆ ಉರಿಯಲಿ ಅನ್ನುವವರಿಗೂ ಎರಡು ಮಾತು. ಡಿಕ್ಕಿ ತೆರೆದಿದೆ ಅಂತ ಕಾರು ನಂಬಿದರೆ ಡಿಕ್ಕಿಯ ಒಳಗಿನ ಬಲ್ಬ್ ಆರುವುದಿಲ್ಲ. 5 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಒಂದು ಹಗಲು ಒಂದು ರಾತ್ರಿಗೆ 10 ಆಂಪಿಯರ್-ಗಂಟೆ ಖರ್ಚು. ಸಣ್ಣ ಕಾರಿನ 45 ಆಂಪಿಯರ್-ಗಂಟೆಯ ಬ್ಯಾಟರಿ, ಅದೂ ಹಳೆಯದಾಗಿದ್ದರೆ, ಎರಡು ಮೂರು ದಿನ ನಿಲ್ಲಿಸಿಟ್ಟ ಮೇಲೆ ಸ್ಟಾರ್ಟರ್ ತಿರುಗಿಸಲು ತಿಣುಕುತ್ತದೆ. ಈಚಿನ ಎಷ್ಟೋ ಕಾರುಗಳು ಸ್ವಲ್ಪ ಹೊತ್ತಿನ ಮೇಲೆ ಬಲ್ಬನ್ನು ತಾವೇ ಆರಿಸುತ್ತವೆ, ನಿಜ. ಆದರೆ ಬಾಗಿಲು ತೆರೆದೇ ಇದೆ ಅಂದುಕೊಂಡ ಮಾಡ್ಯೂಲ್ ಕೆಲವು ಕಾರುಗಳಲ್ಲಿ ನಿದ್ದೆಗೆ ಹೋಗುವುದೇ ಇಲ್ಲ, ಹಾಗಾಗಿ ಬಲ್ಬ್ ಆರಿದ್ದರೂ ಬ್ಯಾಟರಿ ಇಳಿಯುತ್ತಿರುತ್ತದೆ. ರಿಮೋಟ್ ಒತ್ತಿದರೆ ಲಾಕ್ ಆಗದಿರುವುದು, ಅಲಾರಂ ಸುಮ್ಮನೆ ಕೂಗಿಕೊಳ್ಳುವುದು, ಇವೂ ಇದೇ ಕಾರಣಕ್ಕೆ ಆಗಬಹುದು. ಬ್ಯಾಟರಿ ಪದೇಪದೇ ಇಳಿಯುತ್ತಿದೆ ಅಂತ ಹೊಸ ಬ್ಯಾಟರಿ ಹಾಕಿಸಿ, ಅದೂ ಇಳಿದಾಗ ಆಲ್ಟರ್ನೇಟರ್ ಬಿಚ್ಚಿಸುವ ಮೊದಲು ಡಿಕ್ಕಿ ಸ್ವಿಚ್ ಒಮ್ಮೆ ನೋಡಿಸಿ.

ಇನ್ನು ಹುಡುಕುವ ಕೆಲಸ.

ಲೈಟ್ ಯಾವಾಗ ಉರಿಯುತ್ತದೆ ಅನ್ನುವುದನ್ನು ಒಂದೆರಡು ದಿನ ಗಮನಿಸಿದರೆ ಅರ್ಧ ಕೆಲಸ ಮುಗಿಯಿತು. ಹಂಪ್ ಮೇಲೆ ಹೋದಾಗ, ಗುಂಡಿಗೆ ಇಳಿದಾಗ ಮಿನುಗಿ ಆರುತ್ತದೆ ಅಂದರೆ ಕೊಂಡಿ ಸಡಿಲವಾಗಿರಬಹುದು, ಇಲ್ಲವೇ ಎಲ್ಲೋ ಲೂಸ್ ಕಾಂಟ್ಯಾಕ್ಟ್ ಇದೆ. ಮಳೆ ಬಂದ ಮೇಲೆ, ಕಾರು ತೊಳೆದ ಮೇಲೆ ಶುರುವಾಗುತ್ತದೆ ಅಂದರೆ ನೀರು ಒಳಗಿಳಿಯುತ್ತಿದೆ. ಹಿಂದಿನ ಲೈಟಿನ ಗ್ಯಾಸ್ಕೆಟ್, ಮೇಲಿನ ಬ್ರೇಕ್ ಲೈಟಿನ ಗ್ಯಾಸ್ಕೆಟ್, ಬಾಗಿಲಿನ ರಬ್ಬರ್ ಬೀಡಿಂಗ್ ನೋಡಿ. ಹಗಲೂ ರಾತ್ರಿ ಒಂದೇ ಸಮ ಉರಿಯುತ್ತಿದ್ದರೆ ಬಾಗಿಲು ಪೂರ್ತಿ ಲಾಕ್ ಆಗದಿರಬಹುದು, ಸ್ವಿಚ್ ಕೆಟ್ಟಿರಬಹುದು, ಇಲ್ಲವೇ ವೈರ್ ಪೂರ್ತಿ ತುಂಡಾಗಿರಬಹುದು.

ಆಮೇಲೆ ಡಿಕ್ಕಿ ತೆರೆದಿಟ್ಟು, ಸ್ಕ್ರೂಡ್ರೈವರಿನ ತುದಿಯಿಂದ ಲಾಕಿನ ನಾಲಿಗೆಯನ್ನು ಕೊಂಡಿ ಬರುವ ದಿಕ್ಕಿನಲ್ಲೇ ತಳ್ಳಿ. ಒಮ್ಮೆ ಟಕ್ ಅನ್ನುತ್ತದೆ, ಇನ್ನೂ ಒತ್ತಿದರೆ ಮತ್ತೊಮ್ಮೆ ಟಕ್. ಮೊದಲನೆಯದು ಅರ್ಧ ಲಾಕ್, ಎರಡನೆಯದು ಪೂರ್ತಿ ಲಾಕ್. ಎಷ್ಟೋ ಸಲ ಡಿಕ್ಕಿ ನಿಂತಿರುವುದು ಅರ್ಧ ಲಾಕಿನಲ್ಲಿ, ಕೈಯಲ್ಲಿ ಎಳೆದರೂ ತೆರೆಯುವುದಿಲ್ಲ, ನಮಗೆ ಮುಚ್ಚಿದಂತೆಯೇ ಕಾಣುತ್ತದೆ. ಎರಡನೇ ಟಕ್ ಆದಾಗ ಡ್ಯಾಶ್‌ಬೋರ್ಡಿನ ಲೈಟ್ ಆರುತ್ತದೆಯೇ ಅಂತ ಇನ್ನೊಬ್ಬರನ್ನು ಮುಂದೆ ಕೂರಿಸಿ ನೋಡಿ. ಆರಿದರೆ ಸ್ವಿಚ್ಚೂ ವೈರೂ ಸರಿ ಇವೆ, ಕೊಂಡಿ ನಾಲಿಗೆಯನ್ನು ಕೊನೆವರೆಗೆ ತಳ್ಳುತ್ತಿಲ್ಲ ಅಷ್ಟೇ. ಒಂದು ಎಚ್ಚರಿಕೆ: ಈ ಪರೀಕ್ಷೆ ಮುಗಿದ ಕೂಡಲೇ ಡಿಕ್ಕಿ ತೆರೆಯುವ ಬಟನ್ ಒತ್ತಿ, ಲಿವರ್ ಎಳೆದು ಅಥವಾ ಕೀಲಿ ತಿರುಗಿಸಿ ನಾಲಿಗೆಯನ್ನು ಬಿಡಿಸಲೇಬೇಕು. ಮುಚ್ಚಿದ ನಾಲಿಗೆಯ ಮೇಲೆ ಬಾಗಿಲನ್ನು ದಢಾರನೆ ಹಾಕಿದರೆ ಲಾಕ್ ಬಾಗುತ್ತದೆ, ಶೀಟೂ ಸೊಟ್ಟಗಾಗಬಹುದು.

ಕೊಂಡಿ ಸರಿಮಾಡುವುದು ಕಷ್ಟವಲ್ಲ. ಸಾಮಾನ್ಯವಾಗಿ ಎರಡು ಬೋಲ್ಟ್ ಇರುತ್ತವೆ. ಬಿಚ್ಚುವ ಮೊದಲು ಕೊಂಡಿಯ ಸುತ್ತ ಪೆನ್ಸಿಲ್ ಅಥವಾ ಮಾರ್ಕರಿನಲ್ಲಿ ಗೆರೆ ಎಳೆದುಕೊಳ್ಳಿ, ಮೊದಲು ಎಲ್ಲಿತ್ತು ಅನ್ನುವುದು ಆಮೇಲೆ ಗೊತ್ತಾಗಬೇಕಲ್ಲ. ಬೋಲ್ಟ್ ಸಡಿಲ ಮಾಡಿ ಒಂದೆರಡು ಮಿಲಿಮೀಟರ್ ಸರಿಸಿ, ಬಿಗಿ ಮಾಡಿ, ಮೆಲ್ಲಗೆ ಹಾಕಿ ನೋಡಿ. ಬಾಗಿಲಿನ ಮೂಲೆಗಳಲ್ಲಿರುವ ರಬ್ಬರ್ ಗುಬುಟುಗಳನ್ನೂ ಮರೆಯಬೇಡಿ. ಅವು ಹೆಚ್ಚು ಹೊರಗೆ ಬಂದಿದ್ದರೆ ಬಾಗಿಲು ಪೂರ್ತಿ ಕೆಳಗಿಳಿಯುವುದಿಲ್ಲ. ಹೆಚ್ಚಿನವನ್ನು ತಿರುಗಿಸಿ ಒಳಗೆ ಹಾಕಬಹುದು. ಕಾರ್ಪೆಟ್ಟಿನ ಅಂಚು, ಬ್ಯಾಗಿನ ಪಟ್ಟಿ, ಲಾಕಿನೊಳಗೆ ಬಿದ್ದ ಸಣ್ಣ ಕಲ್ಲು, ಇಂಥವೂ ಇದೇ ತೊಂದರೆ ಕೊಡುತ್ತವೆ. ಟಾರ್ಚ್ ಹಾಕಿ ಒಳಗೆ ಇಣುಕಿ.

ನಾಲಿಗೆ ನಿಧಾನವಾಗಿ, ಅಂಟಿಕೊಂಡಂತೆ ತಿರುಗುತ್ತಿದ್ದರೆ ಹಳೆಯ ಗ್ರೀಸು ಧೂಳಿನ ಜೊತೆ ಸೇರಿ ಗಟ್ಟಿಯಾಗಿದೆ ಅಂತ ಅರ್ಥ. ಅದನ್ನು ತೊಳೆದು ತೆಗೆದು ಹೊಸದಾಗಿ ತೆಳ್ಳಗೆ ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಸ್ವಿಚ್ಚಿಗೆ ಬೇಕಿರುವುದು ಕಾಂಟ್ಯಾಕ್ಟ್ ಕ್ಲೀನರ್ (ಸ್ವಿಚ್, ಪ್ಲಗ್ ಶುಚಿ ಮಾಡುವ ಸ್ಪ್ರೇ), ಗ್ರೀಸ್ ಅಲ್ಲ. ಎಲ್ಲದಕ್ಕೂ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ದಯವಿಟ್ಟು ಬಿಡಿ. ಇವತ್ತು ನುಣ್ಣಗೆ ಓಡುತ್ತದೆ, ಕೆಲವು ತಿಂಗಳಲ್ಲಿ ಧೂಳೆಲ್ಲ ಅಲ್ಲೇ ಮೆತ್ತಿಕೊಂಡು ಮೊದಲಿಗಿಂತ ಕಡೆಯಾಗುತ್ತದೆ.

ಈಗ ನನ್ನ ಮಟ್ಟಿಗೆ ಅತಿ ಮುಖ್ಯವಾದ ಜಾಗ: ಹಿಂಜ್ ಪಕ್ಕದ ವೈರು.

ಬಾಡಿಯಿಂದ ಡಿಕ್ಕಿ ಬಾಗಿಲಿಗೆ ವೈರುಗಳ ಒಂದು ಕಟ್ಟು ಹೋಗುತ್ತದೆ, ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಕೊಳವೆಯೊಳಗೆ. ಬಾಗಿಲು ಎತ್ತಿದಾಗಲೆಲ್ಲ, ಇಳಿಸಿದಾಗಲೆಲ್ಲ ಆ ಕಟ್ಟು ಒಂದೇ ಜಾಗದಲ್ಲಿ ಮಡಚಿ ಬಿಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ನನ್ನ ಕಾರಿನಲ್ಲಿ ಆಗಿದ್ದು ಇದೇ. ತೋರಿಸಿದ ಕಡೆ ಲಾಕ್ ಬದಲಾಯಿಸಲೇಬೇಕು ಅಂದಿದ್ದರು, ಮೀಟರ್ ಇಟ್ಟು ನೋಡಿರಲಿಲ್ಲ. ಅದೇ ದಿನಗಳಲ್ಲಿ ನಂಬರ್ ಪ್ಲೇಟಿನ ಲೈಟೂ ಆಗಾಗ ಕೈಕೊಡುತ್ತಿತ್ತು. ಎರಡು ಬೇರೆ ಬೇರೆ ವಸ್ತು ಒಟ್ಟಿಗೆ ಕೆಟ್ಟರೆ ಎರಡೂ ಹಾದುಹೋಗುವ ದಾರಿಯನ್ನು ನೋಡಬೇಕಲ್ಲವೇ? ರಬ್ಬರ್ ಕೊಳವೆಯ ತುದಿಯನ್ನು ಬಿಡಿಸಿ ಹಿಂದಕ್ಕೆ ಸರಿಸಿದಾಗ ಕಂದು ಬಣ್ಣದ ವೈರಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತು. ಪಕ್ಕದ ಇನ್ನೊಂದು ವೈರಿನ ಹೊದಿಕೆಯಲ್ಲಿ ಬಿರುಕೂ ಇರಲಿಲ್ಲ, ನೋಡಲು ಏನೂ ಆಗಿರಲಿಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಅದು ಹಿಗ್ಗಿತು. ಒಳಗೆ ತಾಮ್ರ ಇದ್ದರೆ ವೈರ್ ಹಿಗ್ಗುವುದಿಲ್ಲ. ತಾಮ್ರ ಪೂರ್ತಿ ಕಡಿದು ಬರೀ ಪ್ಲಾಸ್ಟಿಕ್ ಉಳಿದಿತ್ತು.

ಆದ್ದರಿಂದ ಕಣ್ಣಲ್ಲಿ ನೋಡಿ ಬಿಡಬೇಡಿ, ಒಂದೊಂದೇ ವೈರನ್ನು ಹಾಗೆ ಎಳೆದು ನೋಡಿ. ನಂಬರ್ ಪ್ಲೇಟ್ ಲೈಟ್, ಹಿಂದಿನ ವೈಪರ್, ರಿವರ್ಸ್ ಕ್ಯಾಮೆರಾ, ಹಿಂದಿನ ಗಾಜಿನ ಹೀಟರ್, ಇವುಗಳಲ್ಲಿ ಯಾವುದಾದರೂ ಜೊತೆಗೇ ಆಟ ಆಡುತ್ತಿದ್ದರೆ ಮೊದಲು ಹೋಗಬೇಕಾದ ಜಾಗವೇ ಇದು. ರಿಪೇರಿ ಮಾಡುವಾಗಲೂ ಒಂದು ಮಾತು ನೆನಪಿರಲಿ. ತುಂಡಾದ ಜಾಗದಲ್ಲೇ ಬೆಸುಗೆ ಹಾಕಿ ಟೇಪ್ ಸುತ್ತಿದರೆ ಆ ಭಾಗ ಬಿರುಸಾಗುತ್ತದೆ, ಬಾಗುವ ಜಾಗದಲ್ಲಿ ಬಿರುಸಾದ ವೈರು ಬೆಸುಗೆಯ ಪಕ್ಕದಲ್ಲೇ ಮತ್ತೆ ಕಡಿಯುತ್ತದೆ. ಮಡಚುವ ಭಾಗಕ್ಕೆ ಹೊಸದಾಗಿ ಮೆತ್ತನೆಯ ವೈರ್ ತುಂಡು ಹಾಕಿ, ಜೋಡಣೆಗಳನ್ನು ರಬ್ಬರ್ ಕೊಳವೆಯ ಎರಡೂ ತುದಿಯಿಂದ ಆಚೆಗೆ, ಅಲ್ಲಾಡದ ಕಡೆ ಮಾಡಬೇಕು. ಎಲ್ಲ ಜೋಡಣೆಯೂ ಒಂದೇ ಕಡೆ ಗಂಟಾಗದಂತೆ ಹಿಂದೆ ಮುಂದೆ ಮಾಡಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಇದನ್ನು ಹೀಗೇ ಮಾಡಿ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ ಮಾಡಿಸಿಕೊಳ್ಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ, ಕಾರು ನಿಮ್ಮದು.

ವೈರ್ ಸರಿ ಇದ್ದರೆ ಉಳಿದದ್ದು ಸ್ವಿಚ್. ಬಾಗಿಲಿನ ಒಳಗಿನ ಹೊದಿಕೆ ತೆಗೆದು ಲಾಕಿನ ಪ್ಲಗ್ ಕಿತ್ತು, ಸ್ವಿಚ್ಚಿನ ಎರಡು ಪಿನ್ನಿಗೆ ಮಲ್ಟಿಮೀಟರ್ (ಕರೆಂಟಿಗೆ ಇರುವ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುವ ಮೀಟರ್) ಇಟ್ಟು ನಾಲಿಗೆಯನ್ನು ತಳ್ಳಿ ಬಿಡಿಸಿ ನೋಡಿ. ಒಂದು ಸ್ಥಿತಿಯಲ್ಲಿ ಸೊನ್ನೆ ಓಮ್ ಹತ್ತಿರ, ಇನ್ನೊಂದರಲ್ಲಿ ಪೂರ್ತಿ ಕಡಿದಂತೆ ತೋರಿಸಬೇಕು. ಎರಡರಲ್ಲೂ ಒಂದೇ ತೋರಿಸಿದರೆ, ಅಥವಾ ಅಂಕಿ ನಿಲ್ಲದೆ ನೂರಾರು ಓಮ್‌ವರೆಗೆ ಹಾರಾಡಿದರೆ ಸ್ವಿಚ್ ಹಾಳಾಗಿದೆ. ಕೆಲವು ಹೊಸ ಕಾರುಗಳಲ್ಲಿ ಸ್ವಿಚ್ಚಿನ ಬದಲು ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಇರುತ್ತದೆ, ಅದಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ, ಸ್ಕ್ಯಾನರ್ ಬೇಕು. ಸ್ಕ್ಯಾನರ್ ಅಂದರೆ ಬರೀ ಎಂಜಿನ್ ಕೋಡ್ ಓದುವ ಸಾಮಾನ್ಯ ಒಬಿಡಿ ರೀಡರ್ ಅಲ್ಲ. ಬಾಡಿ ಮಾಡ್ಯೂಲ್ ಜೊತೆ ಮಾತಾಡುವಂಥದ್ದು, ಡಿಕ್ಕಿ ತೆರೆದಿದೆ, ಮುಚ್ಚಿದೆ ಅಂತ ಆ ಕ್ಷಣದ ಸ್ಥಿತಿಯನ್ನೇ ತೋರಿಸುವಂಥದ್ದು. ತಾನಾಗಿ ಎದ್ದು ಇಳಿಯುವ ಪವರ್ ಡಿಕ್ಕಿಯಾದರೆ ಮನೆಯಲ್ಲಿ ಬಿಚ್ಚಲು ಹೋಗಬೇಡಿ, ಬೆರಳು ಸಿಕ್ಕಿಕೊಳ್ಳುತ್ತದೆ.

ಈಗ ಶಾರ್ಟ್ ಮಾಡುವ ವಿಷಯಕ್ಕೆ ಬರುತ್ತೇನೆ, ಇದನ್ನು ಬರೆಯಲು ಕೂತಿದ್ದೇ ಅದಕ್ಕೆ.

ನಾಲಿಗೆಯನ್ನು ಪೂರ್ತಿ ಲಾಕಿಗೆ ತಳ್ಳಿದ ಮೇಲೂ ಲೈಟ್ ಉರಿಯುತ್ತಿದ್ದು, ಲಾಕಿನ ಪ್ಲಗ್ ಕಿತ್ತ ಕೂಡಲೇ ಆರಿತು ಅಂದರೆ ಕೆಟ್ಟಿರುವುದು ಲಾಕಿನೊಳಗಿನ ಸ್ವಿಚ್. ಕಿತ್ತರೂ ಆರದೆ, ವೈರ್ ಕಡೆಯ ಎರಡು ಪಿನ್ ಕೂಡಿಸಿದಾಗ ಆರಿದರೂ ಕೆಟ್ಟಿರುವುದು ಸ್ವಿಚ್ಚೇ. ಎರಡಕ್ಕೂ ಬಗ್ಗದಿದ್ದರೆ ವೈರ್ ಅಥವಾ ಮಾಡ್ಯೂಲ್. ಪರೀಕ್ಷೆಗೆ ಒಂದು ಕ್ಷಣ ಹೀಗೆ ಮಾಡುವುದು ಸರಿ, ಅದೂ ವೈರಿಂಗ್ ಡಯಾಗ್ರಾಂ ನೋಡಿ, ಸರಿಯಾದ ಪಿನ್ ಅಂತ ಖಾತ್ರಿ ಮಾಡಿಕೊಂಡು, ಯಾಕೆಂದರೆ ಅದೇ ಪ್ಲಗ್ಗಿನಲ್ಲಿ ಲಾಕ್ ಮೋಟಾರಿನ ವೈರೂ ಇರಬಹುದು. ಆದರೆ ಲೈಟ್ ಆರಿತು ಅಂತ ಹಾಗೇ ಟೇಪ್ ಸುತ್ತಿ ಹೊದಿಕೆ ಮುಚ್ಚಿಬಿಡುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಆ ಮೇಲೆ ಡಿಕ್ಕಿ ನಿಜವಾಗಿ ತೆರೆದುಕೊಂಡರೂ ಕಾರು ಮುಚ್ಚಿದೆ ಅಂತಲೇ ಹೇಳುತ್ತದೆ.

ಓಡುವ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಸುಳಿ ಏಳುತ್ತದೆ. ಡಿಕ್ಕಿ ಸ್ವಲ್ಪ ತೆರೆದಿದ್ದರೂ ಸೈಲೆನ್ಸರಿನ ಹೊಗೆ ಹಿಂದಿನಿಂದ ಒಳಗೆ ಬರಬಹುದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಶುರುವಾದರೆ ಪ್ರಯಾಣದ ಸುಸ್ತು ಅಂದುಕೊಳ್ಳುತ್ತೇವೆ. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರೆ ನಿದ್ದೆ ಯಾವುದು, ವಿಷ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹ್ಯಾಚ್‌ಬ್ಯಾಕಿನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಗೋಡೆಯೇ ಇಲ್ಲ. ಡಿಕ್ಕಿ ಅರ್ಧ ಲಾಕಿನಲ್ಲಿ ನಿಂತಿದ್ದಾಗ, ಕಣ್ಣಿಗೆ ಮುಚ್ಚಿದಂತೆ ಕಾಣುವಾಗ, ನಮಗೆ ಹೇಳಲು ಇರುವುದು ಆ ಒಂದು ಲೈಟ್. ಅದನ್ನು ನಾವೇ ಕುರುಡು ಮಾಡಿದರೆ? ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರ ಬಗ್ಗೆ ನನಗೆ ಇನ್ನೂ ಚಿಂತೆ. ಹಿಂದಿನ ಮಾಲೀಕರು ಶಾರ್ಟ್ ಮಾಡಿಸಿದ್ದು, ಪರೀಕ್ಷೆ ಮಾಡಿ ನೋಡದ ಹೊರತು, ಇವರಿಗೆ ತಿಳಿಯುವುದೇ ಇಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕೆಲವು ಕಾರುಗಳಲ್ಲಿ ಡಿಕ್ಕಿ ಮುಚ್ಚಿದಾಗ ಸ್ವಿಚ್ ಕೂಡುತ್ತದೆ, ಕೆಲವದರಲ್ಲಿ ತೆರೆದಾಗ ಕೂಡುತ್ತದೆ. ಎರಡನೆಯ ಬಗೆಯದರಲ್ಲಿ ವೈರ್ ತುಂಡಾದರೆ ಲೈಟ್ ಉರಿಯುವುದೇ ಇಲ್ಲ, ಡಿಕ್ಕಿ ಪೂರ್ತಿ ತೆರೆದುಕೊಂಡಿದ್ದರೂ ಸಹ. ಲೈಟ್ ಉರಿದರೆ ನಾವು ಗ್ಯಾರೇಜಿಗೆ ಓಡುತ್ತೇವೆ, ಉರಿಯದಿದ್ದರೆ ಎಲ್ಲ ಸರಿ ಇದೆ ಅಂದುಕೊಳ್ಳುತ್ತೇವೆ. ಆದ್ದರಿಂದ ಇವತ್ತೇ ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಡಿಕ್ಕಿ ಎತ್ತಿ ಲೈಟ್ ಬರುತ್ತದೆಯೇ ನೋಡಿ. ಬರಬೇಕು. ಬರದಿದ್ದರೆ ಅದೂ ರಿಪೇರಿಯೇ, ಮೊದಲನೆಯದಕ್ಕಿಂತ ತುರ್ತಿನ ರಿಪೇರಿ.

ರಿಪೇರಿ ಆದ ಮೇಲೆ ಡಿಕ್ಕಿಯ ಒಳಗಿನ ಬಲ್ಬ್ ಆರುತ್ತದೆಯೇ ಅಂತ ತಿಳಿಯಲು ಫೋನಿನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಬಾಗಿಲು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿ. ಕಾರಿನ ಕೀಲಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ನಿಮ್ಮ ಕಾರಿನಲ್ಲಿ ಬೇರೇನಾದರೂ ಕಾರಣ ಸಿಕ್ಕಿದ್ದರೆ ಕಾರಿನ ಮಾಡೆಲ್ ಸಮೇತ ಕೆಳಗೆ ಬರೆಯಿರಿ, ಇದೇ ತೊಂದರೆ ಇರುವ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ.